ಕಡತಗಳ ಅನುಕ್ರಮ ಮತ್ತು ಕನ್ನಡ ಸಂಶೋಧನೆ

ಕನ್ನಡ ಸಂಶೋಧನೆಯ ಆಕರ ಸಾಮಗ್ರಿಯ ಬಹುಭಾಗ ಇಂದು ಗಣಕಯಂತ್ರದ ಫೋಲ್ಡರುಗಳಲ್ಲಿದೆ. ತಾಳೆಗರಿಗಳ ಛಾಯಾಚಿತ್ರಗಳು, ಶಾಸನಪಾಠಗಳ ನಕಲುಗಳು, ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿಕೊಂಡ ಹಾಡುಗಳು, ಹಳೆಯ ನಿಯತಕಾಲಿಕೆಗಳ ಪುಟಗಳು, ಮಹಾಪ್ರಬಂಧದ ಅಧ್ಯಾಯಗಳ ಕರಡುಗಳು ಎಲ್ಲವೂ ಅಲ್ಲಿ ಸೇರಿವೆ. ಇವುಗಳನ್ನು ಸಂಗ್ರಹಿಸುವ ಅಗತ್ಯವನ್ನು ಕುರಿತು ನಾವು ವಿಚಾರಸಂಕಿರಣಗಳಲ್ಲಿ ಸಾಕಷ್ಟು ಮಾತನಾಡುತ್ತೇವೆ. ಸಂಗ್ರಹಿಸಿದ್ದನ್ನು ಯಾವ ಅನುಕ್ರಮದಲ್ಲಿ ಇಡಬೇಕೆಂಬ ಪ್ರಶ್ನೆಯನ್ನು ಮಾತ್ರ ಗಣಕಯಂತ್ರಕ್ಕೋ ಅದನ್ನು ದುರಸ್ತಿ ಮಾಡುವ ತಂತ್ರಜ್ಞರಿಗೋ ಬಿಟ್ಟುಕೊಟ್ಟಿದ್ದೇವೆ. ಫೋಲ್ಡರಿನ ಅನುಕ್ರಮವನ್ನು ನಿರ್ಧರಿಸುವುದು ಗ್ರಂಥಸಂಪಾದನೆ, ಸೂಚೀರಚನೆ, ನಿಘಂಟುರಚನೆಗಳಷ್ಟೇ ಕನ್ನಡ ವಿಭಾಗದ ಕೆಲಸವೆಂಬುದು, ಯಂತ್ರವು ತಾನಾಗಿ ತೋರಿಸುವ ಅನುಕ್ರಮವನ್ನು ನಾವು ಬದಲಿಸಿಕೊಳ್ಳಲೇಬೇಕೆಂಬುದು ಪ್ರಸ್ತುತ ಲೇಖನದ ವಾದ.

ಅನುಕ್ರಮವೆಂಬುದು ಎಂದೂ ತಟಸ್ಥವಾದುದಲ್ಲ ಎಂಬುದು ಕನ್ನಡದ ವಿದ್ವಾಂಸರಿಗೆ ಹೊಸ ಮಾತೇನಲ್ಲ. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಆಯಾ ತಾಲ್ಲೂಕಿನೊಳಗೆ ಸಂಖ್ಯೆ ಕೊಟ್ಟರು. ಹಲ್ಮಿಡಿ ಶಾಸನವನ್ನು ಕಾಲಾನುಕ್ರಮದಲ್ಲಿ ಇಟ್ಟರೆ ಅದು ಕನ್ನಡದ ಅತಿ ಪ್ರಾಚೀನ ಶಾಸನಗಳ ಸಾಲಿನಲ್ಲಿ, ಮೊದಲ ಪುಟದಲ್ಲಿಯೇ ಬರುತ್ತದೆ. ಸ್ಥಳಾನುಕ್ರಮದಲ್ಲಿ ಇಟ್ಟರೆ ಬೇಲೂರು ತಾಲ್ಲೂಕಿನ ಹೊಯ್ಸಳ ಶಾಸನಗಳ ನಡುವೆ ಎಲ್ಲಿಯೋ ಸೇರಿಹೋಗುತ್ತದೆ. ಎರಡೂ ಸರಿಯಾದ ಕ್ರಮಗಳೇ. ಆದರೆ ಒಂದನ್ನು ಹಿಡಿದವನು ಕೇಳುವ ಪ್ರಶ್ನೆ ಇನ್ನೊಂದನ್ನು ಹಿಡಿದವನಿಗೆ ಹೊಳೆಯುವುದಿಲ್ಲ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಆವೃತ್ತಿಯನ್ನು ಹೊರತರಲಾರಂಭಿಸಿದಾಗ ಶಾಸನಗಳ ಸಂಖ್ಯೆಗಳು ಬದಲಾದವು. ಅದರ ಫಲವಾಗಿ ಹಳೆಯ ಸಂಖ್ಯೆ, ಹೊಸ ಸಂಖ್ಯೆಗಳೆರಡನ್ನೂ ನಮೂದಿಸುವ ಶಿಸ್ತು ನಮಗೆ ಬೇಕಾಯಿತು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಕ್ರಮ ಕಾಲಾನುಗುಣವಾದುದು. ಕವಿಯ ಕಾಲವನ್ನು ಕುರಿತು ಹೊಸ ಆಧಾರ ಸಿಕ್ಕರೆ ಆತನ ಸ್ಥಾನ ಹಿಂದುಮುಂದಾಗಬೇಕು, ಆದರೆ ಅಚ್ಚಾದ ಪುಟ ಅಲುಗುವುದಿಲ್ಲ. ವಚನಗಳ ಸಂಗತಿಯಂತೂ ಇನ್ನೂ ಸೂಕ್ಷ್ಮವಾದುದು. ಷಟ್‌ಸ್ಥಲಕ್ರಮದಲ್ಲಿ ಜೋಡಿಸಿದ ಸಂಕಲನದಲ್ಲಿ ಒಂದು ವಚನ ಸಾಧನೆಯ ಒಂದು ಮೆಟ್ಟಿಲಾಗಿ ತೋರಿದರೆ, ಶೂನ್ಯಸಂಪಾದನೆಯ ಸಂವಾದದಲ್ಲಿ ಅದೇ ವಚನ ಒಬ್ಬರ ಮಾತಿಗೆ ಇನ್ನೊಬ್ಬರು ಕೊಟ್ಟ ಉತ್ತರವಾಗಿ ತೋರುತ್ತದೆ. ಅಕಾರಾದಿಯಾಗಿ ಇಟ್ಟರೆ ಎರಡೂ ಇಲ್ಲ, ಹುಡುಕುವ ಅನುಕೂಲವಷ್ಟೆ. ಅಕ್ಷರವೊಂದನ್ನೂ ತಿದ್ದದೆ, ಕೇವಲ ನೆರೆಹೊರೆಯನ್ನು ಬದಲಿಸುವುದರಿಂದ ಅರ್ಥ ಬದಲಾಗುವುದನ್ನು ನಾವು ತರಗತಿಗಳಲ್ಲಿ ಪಾಠ ಮಾಡುತ್ತಲೇ ಬಂದಿದ್ದೇವೆ.

ಅಚ್ಚಿನ ಪುಸ್ತಕಕ್ಕೆ ಒಂದೇ ಅನುಕ್ರಮ. ಉಳಿದುವಕ್ಕೆಲ್ಲ ಅನುಬಂಧಗಳ ಮೊರೆಹೋಗಬೇಕು. ಫೋಲ್ಡರಿಗೆ ಈ ಬಂಧನವಿಲ್ಲ. ಅದೇ ಕಡತಗಳನ್ನು ಕ್ಷಣಾರ್ಧದಲ್ಲಿ ಬೇರೆ ಬೇರೆ ಕ್ರಮಗಳಲ್ಲಿ ತೋರಿಸಬಲ್ಲುದು ಅದರ ಹೆಚ್ಚುಗಾರಿಕೆ. ಆದರೆ ಅದು ನಮಗೆ ಕೊಡುವ ಆಯ್ಕೆಗಳು ಯಾವುವು? ಹೆಸರು, ದಿನಾಂಕ, ಬಗೆ, ಗಾತ್ರ. ಈ ನಾಲ್ಕರಲ್ಲಿ ಕವಿ, ಕಾಲ, ಸ್ಥಳ, ಛಂದಸ್ಸು, ಲಿಪಿಕಾರ, ಹಾಡಿದವರ ಊರು ಎಂಬ ಯಾವುದೂ ಇಲ್ಲವೆಂಬುದನ್ನು ಗಮನಿಸಬೇಕು. 'ಬಗೆ' ಎಂದರೆ ಯಂತ್ರಕ್ಕೆ ಕಡತವು ಚಿತ್ರವೋ ಪಠ್ಯವೋ ಧ್ವನಿಯೋ ಎಂಬುದಷ್ಟೆ. ಹೀಗಾಗಿ ಆ ಕ್ರಮವನ್ನು ಆಯ್ದುಕೊಂಡೊಡನೆ ಗರಿಯ ಚಿತ್ರ ಒಂದೆಡೆಗೂ ಅದರ ಲಿಪ್ಯಂತರ ಮತ್ತೊಂದೆಡೆಗೂ ಚದರಿಹೋಗುತ್ತವೆ. ಹಾಡಿನ ಧ್ವನಿಗೂ ಅದರ ಪಾಠಕ್ಕೂ ಸಂಬಂಧ ಕಡಿದುಹೋಗುತ್ತದೆ. 'ದಿನಾಂಕ' ಎಂಬುದು ಕೃತಿಯ ದಿನಾಂಕವಲ್ಲ, ಸಂಗ್ರಹದ ದಿನಾಂಕವೂ ಆಗಬೇಕಾಗಿಲ್ಲ. ಕಡತವನ್ನು ತೆರೆದು ಒಂದು ಅಲ್ಪವಿರಾಮವನ್ನು ತಿದ್ದಿ ಉಳಿಸಿದರೂ ಅದು ಇಂದಿನದಾಗುತ್ತದೆ. ಪೆನ್‌ಡ್ರೈವಿಗೆ ನಕಲು ಮಾಡಿದಾಗ ತಿದ್ದುಪಡಿಯ ದಿನಾಂಕ ಉಳಿದರೂ ಸೃಷ್ಟಿಯಾದ ದಿನಾಂಕ ನಕಲು ಮಾಡಿದ ಹೊತ್ತಿಗೆ ಬದಲಾಗುವುದು ವಿಂಡೋಸ್ ಬಳಸುವವರೆಲ್ಲರ ಅನುಭವ. ಆದ್ದರಿಂದ ದಿನಾಂಕವನ್ನು ನಂಬಿ ಕ್ಷೇತ್ರಕಾರ್ಯದ ಸಾಮಗ್ರಿಯನ್ನು ಜೋಡಿಸುವುದು ಅಪಾಯಕರ. ಗಾತ್ರದ ಬಗ್ಗೆ ಹೇಳಬೇಕಾದುದೇನೂ ಇಲ್ಲ. ಉಳಿದ ಆಸರೆ ಒಂದೇ, ಹೆಸರು. ನಮಗೆ ಬೇಕಾದ ಅನುಕ್ರಮವನ್ನು ಯಂತ್ರದ ಬಾಯಿಂದ ಹೇಳಿಸಬೇಕಾದರೆ ಅದನ್ನು ಕಡತದ ಹೆಸರಿನಲ್ಲಿಯೇ ಹುದುಗಿಸಬೇಕು. ಈ ಕಾರಣದಿಂದ ಹೆಸರಿಡುವ ಕ್ರಿಯೆಗೆ ನಾವು ಕೊಡುತ್ತಿರುವ ಗಮನ ಏನೇನೂ ಸಾಲದು.

ನಮ್ಮ ವಿಭಾಗಗಳಲ್ಲಿ ಕನ್ನಡ ಕಡತಗಳಿಗೆ ರೋಮನ್ ಲಿಪಿಯಲ್ಲಿ ಹೆಸರಿಡುವುದು ವಾಡಿಕೆ. ಇದಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು, ಆ ವಿಷಯಕ್ಕೆ ಮುಂದೆ ಬರುತ್ತೇನೆ. ಇಂದು ಅದು ಬರಿಯ ರೂಢಿ. ಇದರ ಪರಿಣಾಮವೇನೆಂದರೆ ಪಂಪನಿಂದ ಕುವೆಂಪುವರೆಗಿನ ಸಾಮಗ್ರಿಯೆಲ್ಲ ಇಂಗ್ಲಿಷ್ ವರ್ಣಮಾಲೆಯ ಇಪ್ಪತ್ತಾರು ಅಕ್ಷರಗಳ ಅಡಿಯಲ್ಲಿ ವಿಂಗಡಣೆಯಾಗುತ್ತದೆ. ಆ ಲಿಪಿಯಲ್ಲಿ ಟಕಾರ ತಕಾರಗಳಿಗೆ, ನಕಾರ ಣಕಾರಗಳಿಗೆ, ಲಕಾರ ಳಕಾರಗಳಿಗೆ ಭೇದವಿಲ್ಲ. ಹ್ರಸ್ವದೀರ್ಘಗಳ ವಿವೇಚನೆ ಬರೆಯುವವನ ಇಷ್ಟಕ್ಕೆ ಬಿಟ್ಟದ್ದು. ತಲ, ತಳ, ತಾಳ ಎಂಬ ಮೂರು ಪದಗಳು ಒಂದೇ ಹೆಸರಾಗಿಬಿಡಬಹುದು. ಇದಕ್ಕೆ ವಿಪರೀತವಾಗಿ, ತಾಳ ಎಂಬ ಒಂದೇ ಪದವನ್ನು ಒಬ್ಬರು ಟಿ ಅಕ್ಷರದಿಂದಲೂ ಇನ್ನೊಬ್ಬರು ಟಿ ಮತ್ತು ಎಚ್ ಸೇರಿಸಿಯೂ ಬರೆಯುವುದರಿಂದ ಅದು ಎರಡು ಕಡೆ ಹಂಚಿಹೋಗಬಹುದು. 'ಜ್ಞಾನ'ದಿಂದ ಆರಂಭವಾಗುವ ಹೆಸರನ್ನು ಜೆ ಅಕ್ಷರದಲ್ಲಿ ಹುಡುಕಬೇಕೋ ಜಿ ಅಕ್ಷರದಲ್ಲಿ ಹುಡುಕಬೇಕೋ ಇಟ್ಟವರನ್ನೇ ಕೇಳಬೇಕು. ಶಕಟರೇಫ, ರೞಗಳ ವಿಚಾರವನ್ನು ಎತ್ತುವಂತೆಯೇ ಇಲ್ಲ. ಹಳಗನ್ನಡ ಪಾಠಸಂಪಾದನೆಯಲ್ಲಿ ಒಂದು ಱಕಾರಕ್ಕಾಗಿ ಪುಟಗಟ್ಟಲೆ ವಾದ ಮಾಡುವ ನಾವು, ಆ ಪಾಠವಿರುವ ಕಡತದ ಹೆಸರಿನಲ್ಲಿ ಆ ಅಕ್ಷರವನ್ನು ಸುಳಿವಿಲ್ಲದಂತೆ ಅಳಿಸಿಹಾಕುತ್ತೇವೆ.

ಹಾಗಾದರೆ ಕನ್ನಡದಲ್ಲಿಯೇ ಹೆಸರಿಟ್ಟರೆ ಎಲ್ಲವೂ ಸರಿಹೋಗುವುದೇ? ಅಷ್ಟು ಸುಲಭವಾಗಿಲ್ಲ. ಯೂನಿಕೋಡ್ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಕೇತಸಂಖ್ಯೆಯನ್ನು ಕೊಟ್ಟಿದೆ. ಈ ಸಂಖ್ಯೆಗಳ ಏರ್ಪಾಡು ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ರೂಪಿಸಿದ 'ಇಸ್ಕಿ' ಎಂಬ ಹಿಂದಿನ ಮಾನಕದ ಜಾಡಿನಲ್ಲಿದೆ. ಎಲ್ಲ ಲಿಪಿಗಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಾಗ ಕನ್ನಡದ ಕೆಲವು ವಿಶೇಷಗಳು ಸ್ಥಾನಪಲ್ಲಟಗೊಂಡವು. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ, ಕಡೆಯಲ್ಲಿ ಬರುತ್ತದೆ. ಯೂನಿಕೋಡಿನ ಪಟ್ಟಿಯಲ್ಲಿ ಅದು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು ಕುಳಿತಿದೆ. ಆದ್ದರಿಂದ ಸಂಕೇತಸಂಖ್ಯೆಯನ್ನಷ್ಟೇ ನೋಡಿ ವಿಂಗಡಿಸುವ ತಂತ್ರಾಂಶವು 'ಹಳೇಬೀಡು', 'ಹವ್ಯಕ', 'ಹಸ್ತಪ್ರತಿ' ಎಂದು ಜೋಡಿಸುತ್ತದೆ. ಕನ್ನಡದ ಅಕಾರಾದಿಯಲ್ಲಿ 'ಹವ್ಯಕ', 'ಹಸ್ತಪ್ರತಿ', 'ಹಳೇಬೀಡು' ಎಂದಾಗಬೇಕು. ಅನುಸ್ವಾರ ವಿಸರ್ಗಗಳನ್ನು ನಾವು ಔಕಾರದ ನಂತರ ಕಲಿಸುತ್ತೇವೆ, ಅಲ್ಲಿ ಅವು ಅಕಾರಕ್ಕಿಂತಲೂ ಮೊದಲು ಬಂದಿವೆ.

ರೞದ ಸಂಗತಿ ಇನ್ನೂ ಸ್ವಾರಸ್ಯಕರ. ಇತರ ಕೆಲವು ಲಿಪಿಗಳಲ್ಲಿ ಇದಕ್ಕೆ ಸಂವಾದಿಯಾದ ಅಕ್ಷರಕ್ಕೆ ಳಕಾರದ ಪಕ್ಕದಲ್ಲಿ ಮನೆಯುಂಟು. ಕನ್ನಡದ ಪಟ್ಟಿಯಲ್ಲಿ ಆ ಮನೆ ಖಾಲಿಯಾಗಿಯೇ ಉಳಿದಿದೆ. ನಮ್ಮ ೞ ಅಕ್ಷರವನ್ನು ಸ್ವರಚಿಹ್ನೆಗಳೆಲ್ಲ ಮುಗಿದ ಮೇಲೆ ಬಹುದೂರದಲ್ಲಿ, ದೇವನಾಗರಿಯಲ್ಲಿ ಫ಼ ಇರುವ ಸ್ಥಾನಕ್ಕೆ ಸರಿಸಾಟಿಯಾದ ಜಾಗದಲ್ಲಿ ಇರಿಸಿ, ಹೆಸರನ್ನೂ 'ಫ' ಎಂದೇ ದಾಖಲಿಸಲಾಯಿತು. ಇದು ತಪ್ಪೆಂದು ಯೂನಿಕೋಡಿನ ಟಿಪ್ಪಣಿಯೇ ಒಪ್ಪುತ್ತದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ ಹೆಸರು ಹಾಗೆಯೇ ಇದೆ. ಕೇಶಿರಾಜನ ಕಾಲದಿಂದಲೂ ವೈಯಾಕರಣರು ಲಕ್ಷಣ ಹೇಳುತ್ತ ಬಂದ ಅಕ್ಷರಕ್ಕೆ ಹೀಗೆ ಬೇರೆಯವರ ಹೆಸರಿನಲ್ಲಿ ಬಾಳುವ ಗತಿ ಬಂದಿದೆ. ವಿಂಗಡಣೆಯಲ್ಲಿ ಇದರ ಪರಿಣಾಮ ಕೇವಲ ಕೌತುಕದ ವಿಷಯವಲ್ಲ. 'ಪೞಗನ್ನಡ' ಎಂಬ ಹೆಸರಿನ ಕಡತವು ಸಂಕೇತಕ್ರಮದಲ್ಲಿ 'ಪಳಮೆ'ಯ ಆಸುಪಾಸಿನಲ್ಲಿ ಬರುವುದಿಲ್ಲ. ಪಾ, ಪಿ, ಪು ಎಲ್ಲವನ್ನೂ ದಾಟಿ, 'ಪ್ರಾಸ' 'ಪ್ರೌಢಿಮೆ'ಗಳಂಥ ಒತ್ತಕ್ಷರದ ಪದಗಳನ್ನೂ ದಾಟಿ ಪಕಾರದ ಕಟ್ಟಕಡೆಗೆ ಹೋಗಿ ನಿಲ್ಲುತ್ತದೆ. ಹಳಗನ್ನಡ ಪದಸೂಚಿಯನ್ನು ಸಿದ್ಧಪಡಿಸುವವನು ಇದನ್ನು ಅರಿಯದೆ ಯಂತ್ರದ ಪಟ್ಟಿಯನ್ನು ಅಚ್ಚಿಗೆ ಕೊಟ್ಟರೆ ಆ ಸೂಚಿ ಓದುಗನನ್ನು ದಾರಿ ತಪ್ಪಿಸುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಂಕೇತಸಂಖ್ಯೆಯ ಕ್ರಮವೇ ವಿಂಗಡಣೆಯ ಕ್ರಮವಾಗಬೇಕೆಂದು ಯೂನಿಕೋಡ್ ಹೇಳುವುದಿಲ್ಲ. ಆಯಾ ಭಾಷೆಯ ಅಕಾರಾದಿಗೆ ಪ್ರತ್ಯೇಕ ನಿಯಮಾವಳಿಯಿದೆ, ಅದನ್ನು ಪಾಲಿಸುವ ತಂತ್ರಾಂಶಗಳೂ ಇವೆ. ತೊಂದರೆ ಇರುವುದು ಕೆಲವು ಪಾಲಿಸುವುದರಲ್ಲಿ, ಕೆಲವು ಪಾಲಿಸದಿರುವುದರಲ್ಲಿ. ಒಂದೇ ಫೋಲ್ಡರ್ ಒಂದು ಯಂತ್ರದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ತೋರಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರವೂ ಒಳಗೆ ಬೇರೆಯಾಗಿರಬಹುದೆಂಬುದು ಇದಕ್ಕೆ ಸೇರಿದ ಇನ್ನೊಂದು ತೊಡಕು. 'ಕೋಶ'ದ ಓಕಾರವನ್ನು ಒಂದು ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಆಪಲ್ ಯಂತ್ರಗಳ ಹಿಂದಿನ ಕಡತವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ 'ಕೋಶ' ಸಂಕೇತವನ್ನಷ್ಟೇ ನೋಡುವ ತಂತ್ರಾಂಶದಲ್ಲಿ 'ಕೆ'ಕಾರದ ಪದಗಳ ನಡುವೆ ಹೋಗಿ ಸೇರುತ್ತದೆ. 'ರ‍್ಯಾಂಕ್' ಎಂಬುದನ್ನು ಅರ್ಕಾವೊತ್ತಿಲ್ಲದೆ ಬರೆಯಲು ನಡುವೆ ಸೇರಿಸುವ ಅದೃಶ್ಯ ಸಂಕೇತದ ಕಥೆಯೂ ಇಂಥದೇ.

ಸಮಸ್ಯೆ ಪೂರ್ತಿಯಾಗಿ ಯಂತ್ರದ್ದೇ ಎಂದು ಹೇಳಿದರೆ ಅನ್ಯಾಯವಾದೀತು. ಅನುಸ್ವಾರಕ್ಕೆ ಅಕಾರಾದಿಯಲ್ಲಿ ಯಾವ ಸ್ಥಾನವೆಂದು ತಂತ್ರಜ್ಞರು ಕೇಳಿದರೆ ನಾವು ಒಕ್ಕೊರಲಿನಿಂದ ಏನು ಹೇಳುತ್ತೇವೆ? 'ಅಂಕ' ಎಂಬುದು 'ಅಕಾರಣ'ಕ್ಕಿಂತ ಮೊದಲು ಬರಬೇಕೋ, ಹಳೆಯ ಮುದ್ರಣಗಳಲ್ಲಿದ್ದ 'ಅಙ್ಕ' ಎಂಬ ರೂಪವನ್ನು ನೆನೆದು ಙಕಾರದ ಸ್ಥಾನದಲ್ಲಿ ಬರಬೇಕೋ? ಱಕಾರವನ್ನು ರಕಾರದಿಂದ ಬೇರೆಯಾಗಿ ವಿಂಗಡಿಸಬೇಕೋ, ಇಂದಿನ ಓದುಗನ ಅನುಕೂಲಕ್ಕಾಗಿ ಒಟ್ಟಿಗೆ ಇಡಬೇಕೋ? ಇವು ಭಾಷಾಶಾಸ್ತ್ರದ, ನಿಘಂಟುಶಾಸ್ತ್ರದ ಪ್ರಶ್ನೆಗಳು. ಉತ್ತರಿಸಬೇಕಾದವರು ಮೌನವಾಗಿದ್ದರೆ ತಂತ್ರಾಂಶ ಬರೆಯುವವನು ತನಗೆ ತೋಚಿದ ಉತ್ತರ ಕೊಟ್ಟುಕೊಳ್ಳುತ್ತಾನೆ.

ಹಳೆಯ ಕಡತಗಳದು ಬೇರೆಯೇ ಪಾಡು. ಬರಹ ತಂತ್ರಾಂಶ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವನ್ನು ಕರ್ನಾಟಕ ಸರ್ಕಾರ ಹೊರತಂದಿತು. ಕನ್ನಡದ ಸಂಶೋಧಕರಿಗೆ ಗಣಕದಲ್ಲಿ ಬರೆಯುವ ಧೈರ್ಯವನ್ನು ಕೊಟ್ಟ ಉಪಕಾರ ಇವುಗಳದು. ಆದರೆ ಆ ದಿನಗಳ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿತ್ತು. ದಸ್ತಾವೇಜಿನೊಳಗೆ ಸುಂದರವಾಗಿ ಕಾಣುವ ಕನ್ನಡ, ಕಡತದ ಹೆಸರಿನ ಜಾಗದಲ್ಲಿ ಅರ್ಥವಾಗದ ರೋಮನ್ ಚಿಹ್ನೆಗಳ ರಾಶಿಯಾಗುತ್ತಿತ್ತು. ರೋಮನ್ ಹೆಸರುಗಳ ರೂಢಿ ಬೇರುಬಿಟ್ಟದ್ದು ಇಲ್ಲಿಂದ. ಈಗ ಆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆ. ಒಳಗಿನ ಪಠ್ಯವನ್ನು ಪರಿವರ್ತಿಸಿದವರೂ ಹೆಸರನ್ನು ಹಾಗೆಯೇ ಬಿಟ್ಟಿರುವುದನ್ನು ಕಂಡಿದ್ದೇನೆ. ಒಬ್ಬ ವಿದ್ವಾಂಸರ ಇಪ್ಪತ್ತು ವರ್ಷಗಳ ಟಿಪ್ಪಣಿಗಳಿರುವ ಸಿ.ಡಿ.ಯನ್ನು ತೆರೆದಾಗ ಹೆಸರುಗಳ ಸಾಲಿನಿಂದ ಒಳಗೇನಿದೆಯೆಂದು ತಿಳಿಯದಿದ್ದರೆ, ಆ ಸಂಗ್ರಹ ಇದ್ದೂ ಇಲ್ಲದಂತೆ. ಅದರ ಒಡೆಯರು ಬದುಕಿರುವಾಗಲೇ ಕೇಳಿ ಹೆಸರು ಬರೆದುಕೊಳ್ಳಬೇಕಾದ ತುರ್ತು ಇದೆ.

ಸಂಖ್ಯೆಗಳ ಮಾತಿಗೆ ಬರೋಣ. ಹಸ್ತಪ್ರತಿಗಳ ಛಾಯಾಚಿತ್ರಗಳಲ್ಲಿ ಅನುಕ್ರಮ ತಪ್ಪಿದರೆ ಹಾನಿ ಎಷ್ಟೆಂಬುದು ಇಲ್ಲಿ ಗೊತ್ತಾಗುತ್ತದೆ. ಕ್ಯಾಮೆರಾ ತಾನಾಗಿ ಕೊಡುವ ಸಂಖ್ಯೆ ಸಾಮಾನ್ಯವಾಗಿ 9999ಕ್ಕೆ ಮುಗಿದು ಮತ್ತೆ 0001ರಿಂದ ಆರಂಭವಾಗುತ್ತದೆ. ಒಂದು ಕಟ್ಟಿನ ನಡುವೆ ಇದು ಸಂಭವಿಸಿದರೆ ಕೃತಿಯ ಉತ್ತರಾರ್ಧ ಫೋಲ್ಡರಿನಲ್ಲಿ ಪೂರ್ವಾರ್ಧಕ್ಕಿಂತ ಮೊದಲು ಬರುತ್ತದೆ. ತಾಳೆಗರಿಯ ಒಂದು ಬದಿಯಲ್ಲಷ್ಟೆ ಸಂಖ್ಯೆಯಿರುವುದು ಸಾಮಾನ್ಯ. ಎರಡು ಬದಿಗಳಿಗೆ ಎರಡು ಚಿತ್ರಗಳು, ಮಸುಕಾದ ಕಡೆ ಮರಳಿ ತೆಗೆದ ಮೂರನೆಯದು. ಹೀಗಾಗಿ ಚಿತ್ರದ ಸಂಖ್ಯೆಗೂ ಗರಿಯ ಸಂಖ್ಯೆಗೂ ತಾಳೆಯೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಕ್ಯಾಮೆರಾದ ಸಂಖ್ಯೆ ಎಡೆಬಿಡದೆ ಸಾಗುತ್ತದೆ, ಲುಪ್ತವಾದ ಗರಿ ಅದಕ್ಕೆ ತಿಳಿಯದು. ಹದಿನೇಳನೆಯ ಗರಿಯ ನಂತರ ಹತ್ತೊಂಬತ್ತನೆಯದೇ ಇದ್ದರೂ ಚಿತ್ರಗಳ ಸಾಲು ಅಖಂಡವಾಗಿ ಕಾಣುತ್ತದೆ. ಮೂಲ ಕಟ್ಟನ್ನು ನೋಡದೆ ಚಿತ್ರಗಳಿಂದಲೇ ಪಾಠ ಸಿದ್ಧಪಡಿಸುವ ಇಂದಿನ ಸಂಪಾದಕನಿಗೆ ಆ ಲೋಪ ಗೋಚರಿಸುವುದೇ ಇಲ್ಲ. ಅದರ ಬದಲು ಹಸ್ತಪ್ರತಿಯ ದಾಖಲೆ ಸಂಖ್ಯೆ, ಗರಿಯ ಸಂಖ್ಯೆ, ಬದಿ ಎಂಬ ಕ್ರಮದಲ್ಲಿ '0042_017_ಅ', '0042_017_ಆ' ಎಂದು ಹೆಸರಿಟ್ಟರೆ ಫೋಲ್ಡರನ್ನು ತೆರೆದೊಡನೆ 017ರ ನಂತರ 019 ಕಾಣುತ್ತದೆ, ಓದುಗ ಎಚ್ಚರಗೊಳ್ಳುತ್ತಾನೆ.

ಇಲ್ಲಿ ಮುಂದಿನ ಸೊನ್ನೆಗಳು ಅಲಂಕಾರವಲ್ಲ. ಅಕ್ಷರಗಳಂತೆಯೇ ಅಂಕಿಗಳನ್ನೂ ಒಂದೊಂದಾಗಿ ಹೋಲಿಸುವ ಕ್ರಮದಲ್ಲಿ 1ರ ನಂತರ 10, 11, ಆಮೇಲೆ 2 ಬರುತ್ತದೆ. ವಿಂಡೋಸ್ 2000ದವರೆಗೆ ಫೋಲ್ಡರುಗಳು ಹೀಗೆಯೇ ಇದ್ದವು. 2001ರ ವಿಂಡೋಸ್ ಎಕ್ಸ್‌ಪಿಯಿಂದ ಅಂಕಿಗಳನ್ನು ಸಂಖ್ಯೆಗಳೆಂದೇ ಪರಿಗಣಿಸುವ ಕ್ರಮ ಬಂದಿತು. ಆದರೆ ಅದೇ ಸಾಮಗ್ರಿಯನ್ನು ಬೇರೆ ವ್ಯವಸ್ಥೆಗೆ ಒಯ್ದಾಗ, ಪಟ್ಟಿಯಾಗಿ ಮುದ್ರಿಸಿದಾಗ ಹಳೆಯ ಕ್ರಮ ಮರುಕಳಿಸಬಹುದು. ಕನ್ನಡ ಅಂಕಿಗಳ ವಿಚಾರದಲ್ಲಿ ಈ ಸೌಲಭ್ಯವನ್ನು ಎಲ್ಲೆಡೆ ನಿರೀಕ್ಷಿಸುವಂತಿಲ್ಲ. ಸಂಕೇತಕ್ರಮದಲ್ಲಿ 1 ಎಂದು ಆರಂಭವಾಗುವ ಹೆಸರು ಎಲ್ಲ ಕನ್ನಡ ಅಕ್ಷರಗಳಿಗಿಂತ ಮೊದಲು, ೧ ಎಂದು ಆರಂಭವಾಗುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಕನ್ನಡ ಅಂಕಿಗಳ ಮೇಲಿನ ಅಭಿಮಾನ ನನಗೂ ಇದೆ. ಅವು ಪಠ್ಯದಲ್ಲಿರಲಿ, ಕಡತದ ಹೆಸರಿನ ಮೊದಲಲ್ಲಿ ಬೇಡ. ಶೋಧಗಂಗಾಕ್ಕೆ ಒಪ್ಪಿಸುವ ಮಹಾಪ್ರಬಂಧಗಳ ಭಾಗಗಳಿಗೆ 01, 02 ಎಂದು ಸೊನ್ನೆ ಸೇರಿಸಿ ಹೆಸರಿಡುವ ಪದ್ಧತಿ ಈಗಾಗಲೇ ಇದೆ. ಅದನ್ನು ಕೊನೆಯ ದಿನದ ವಿಧಿಯಾಗಿ ನೆರವೇರಿಸುವ ಬದಲು ಸಂಶೋಧನೆಯ ಮೊದಲ ದಿನದಿಂದಲೇ ಪಾಲಿಸಬಾರದೇಕೆ?

ದಿನಾಂಕವನ್ನು ಹೆಸರಿನಲ್ಲಿ ಸೇರಿಸುವವರು ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಅನುಸರಿಸಬೇಕು. ತಿಂಗಳನ್ನು ಹೆಸರಿನಿಂದ ಬರೆದರೆ ಅಕ್ಟೋಬರ್, ಆಗಸ್ಟ್, ಏಪ್ರಿಲ್ ಎಂದು ವರ್ಷವೇ ಹಿಂದುಮುಂದಾಗುತ್ತದೆ. ಸಂವತ್ಸರಗಳ ಹೆಸರಿನಿಂದ ಫೋಲ್ಡರುಗಳನ್ನು ಮಾಡುವವರ ಪಾಲಿಗೆ ಅರವತ್ತನೆಯದಾದ ಅಕ್ಷಯ ಮೊದಲ ಸಾಲಿಗೆ ಬರುತ್ತದೆ, ಮೊದಲನೆಯದಾದ ಪ್ರಭವ ಬಹಳ ಕೆಳಗೆ ಇಳಿಯುತ್ತದೆ. ಕರಡುಗಳ ವಿಷಯದಲ್ಲಿ ನಮ್ಮೆಲ್ಲರ ಯಂತ್ರಗಳಲ್ಲಿಯೂ ಇರುವ 'ಅಂತಿಮ', 'ಅಂತಿಮ ಹೊಸದು', 'ಅಂತಿಮ ತಿದ್ದಿದ್ದು' ಎಂಬ ಕಡತಗಳನ್ನು ನೆನೆಯಬಹುದು. ಅಕಾರಾದಿಯ ಮಹಿಮೆಯಿಂದ ಅಂತಿಮವಾದುದೇ ಎಲ್ಲಕ್ಕೂ ಮೊದಲಿರುತ್ತದೆ.

ಹುಡುಕುವ ಸೌಲಭ್ಯವಿರುವಾಗ ಅನುಕ್ರಮದ ಗೊಡವೆ ಏಕೆ ಎಂದು ಕೇಳುವವರುಂಟು. ಕಿರಿಯ ಸಂಶೋಧಕ ಮಿತ್ರರಲ್ಲಿ ಈ ಅಭಿಪ್ರಾಯ ಪ್ರಬಲವಾಗಿದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹುಡುಕಬೇಕಾದರೆ ಏನನ್ನು ಹುಡುಕುತ್ತಿದ್ದೇವೆಂಬುದು ಮೊದಲೇ ಗೊತ್ತಿರಬೇಕು, ಅದನ್ನು ಹೇಗೆ ಬರೆದಿದ್ದಾರೆಂಬುದೂ ಗೊತ್ತಿರಬೇಕು. 'ವಿಕ್ರಮಾರ್ಜುನ ವಿಜಯ' ಎಂದು ಹುಡುಕಿದವನಿಗೆ 'ಪಂಪಭಾರತ' ಎಂಬ ಹೆಸರಿನಲ್ಲಿರುವ ಟಿಪ್ಪಣಿ ಸಿಗದು. ಗರಿಯ ಚಿತ್ರದಲ್ಲಿರುವ ಅಕ್ಷರಗಳನ್ನು, ಹಳೆಯ ಅಕ್ಷರಶೈಲಿಯಲ್ಲಿರುವ ಪಠ್ಯವನ್ನು ಯೂನಿಕೋಡ್ ಪದದಿಂದ ಹುಡುಕಲಾಗದು. ಇದಕ್ಕಿಂತ ಮಿಗಿಲಾದ ಕಾರಣವೊಂದಿದೆ. ಗ್ರಂಥಾಲಯದ ಕಪಾಟಿನ ಮುಂದೆ ನಿಂತು ಒಂದು ಪುಸ್ತಕಕ್ಕಾಗಿ ಕೈಚಾಚಿದಾಗ ಅದರ ಪಕ್ಕದ ಪುಸ್ತಕ ಕಣ್ಣಿಗೆ ಬಿದ್ದು ಸಂಶೋಧನೆಯ ದಾರಿಯೇ ಬದಲಾಗುವುದುಂಟು. ಈ ನೆರೆಹೊರೆಯನ್ನು ನಿರ್ಮಿಸುವುದು ಅನುಕ್ರಮವೇ ಹೊರತು ಹುಡುಕಾಟವಲ್ಲ. ಒಂದೇ ತಾಲ್ಲೂಕಿನ ಹಾಡುಗಳು ಒಂದೆಡೆ ಬಂದಾಗ ಕಾಣುವ ಪಾಠಾಂತರಗಳ ಸಾಮ್ಯ, ಒಬ್ಬ ಲಿಪಿಕಾರನ ಪ್ರತಿಗಳು ಒಟ್ಟಾದಾಗ ಕಾಣುವ ಬರವಣಿಗೆಯ ರೂಢಿಗಳು ಹುಡುಕಿ ಪಡೆಯುವಂಥವಲ್ಲ.

ಹಾಗೆಂದು ಎಲ್ಲ ಅನುಕ್ರಮಗಳನ್ನೂ ಫೋಲ್ಡರಿನ ಮೇಲೆ ಹೇರುವುದು ಸಾಧ್ಯವಿಲ್ಲ. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಇನ್ನೊಂದು ಎಂದು ಏಳೆಂಟು ಅಂತಸ್ತುಗಳನ್ನು ಕಟ್ಟುವವರ ಉತ್ಸಾಹವನ್ನು ನಾನು ಒಪ್ಪಲಾರೆ. ಕಾಲದಿಂದ ವಿಂಗಡಿಸಿ ಅದರೊಳಗೆ ಕವಿಗಳನ್ನು ಇಟ್ಟವನು ಛಂದಸ್ಸಿನಿಂದ ನೋಡಬೇಕಾದಾಗ ಕೈಚೆಲ್ಲುತ್ತಾನೆ. ನಮ್ಮ ಹಸ್ತಪ್ರತಿ ಭಂಡಾರಗಳ ವರ್ಣನಾತ್ಮಕ ಸೂಚಿಗಳು ಇದಕ್ಕೆ ಹಿಂದೆಯೇ ಪರಿಹಾರ ಕಂಡುಕೊಂಡಿವೆ. ಅಲ್ಲಿ ಕಟ್ಟಿಗೆ ಒಂದು ಸಂಖ್ಯೆ, ಆ ಸಂಖ್ಯೆಗೆ ಎದುರಾಗಿ ಕೃತಿ, ಕವಿ, ಲಿಪಿಕಾರ, ಗರಿಗಳ ಸಂಖ್ಯೆ, ಸ್ಥಿತಿಗಳ ವಿವರ. ಕಟ್ಟು ಕಪಾಟಿನಲ್ಲಿ ಒಂದೇ ಜಾಗದಲ್ಲಿರುತ್ತದೆ, ಸೂಚಿಯಲ್ಲಿ ಹಲವು ದಾರಿಗಳಿಂದ ಸಿಗುತ್ತದೆ. ಫೋಲ್ಡರಿನಲ್ಲಿ ಕಡತಗಳು ಬದಲಾಗದ ದಾಖಲೆ ಸಂಖ್ಯೆಯ ಕ್ರಮದಲ್ಲಿರಲಿ. ಸಂಖ್ಯೆಯ ನಂತರ ಯೂನಿಕೋಡ್ ಕನ್ನಡದಲ್ಲಿ ಚಿಕ್ಕ ಹೆಸರಿರಲಿ. ಜೊತೆಯಲ್ಲಿ ಎಕ್ಸೆಲ್‌ನಂಥ ಕೋಷ್ಟಕದಲ್ಲಿ ಒಂದು ದಾಖಲೆಪಟ್ಟಿಯಿರಲಿ. ಆ ಪಟ್ಟಿಯನ್ನು ಕವಿಯಿಂದಲೋ ಊರಿನಿಂದಲೋ ಕಾಲದಿಂದಲೋ ಬೇಕಾದಂತೆ ವಿಂಗಡಿಸಿಕೊಳ್ಳಬಹುದು. ಕವಿಯ ಕಾಲ ಬದಲಾದರೆ ಪಟ್ಟಿಯಲ್ಲಿ ಒಂದು ಮನೆಯನ್ನು ತಿದ್ದಿದರೆ ಸಾಕು, ಕಡತವನ್ನು ಮುಟ್ಟಬೇಕಾಗಿಲ್ಲ. ಪಟ್ಟಿಯಲ್ಲಿ 'ಅಕಾರಾದಿ ರೂಪ' ಎಂಬ ಒಂದು ಅಂಕಣವನ್ನು ಸೇರಿಸಿ, ೞ ಱಗಳಿರುವ ಹೆಸರುಗಳಿಗೆ ವಿಂಗಡಣೆಗಾಗಿಯೇ ಬೇರೆ ರೂಪವನ್ನು ಬರೆದುಕೊಂಡರೆ ತಂತ್ರಾಂಶ ಯಾವುದಾದರೂ ಕನ್ನಡದ ಕ್ರಮ ಕೆಡುವುದಿಲ್ಲ.

ಇದನ್ನು ವ್ಯಕ್ತಿಗಳ ಶಿಸ್ತಿಗೆ ಬಿಟ್ಟರೆ ಸಾಲದು. ಪಿಎಚ್.ಡಿ. ಪೂರ್ವ ಅಧ್ಯಯನದ ಸಂಶೋಧನಾ ವಿಧಾನ ಪತ್ರಿಕೆಯಲ್ಲಿ ಅಡಿಟಿಪ್ಪಣಿ, ಗ್ರಂಥಋಣಗಳ ಕ್ರಮವನ್ನು ಕಲಿಸುವಂತೆ ಕಡತಗಳ ಹೆಸರು, ಅನುಕ್ರಮ, ದಾಖಲೆಪಟ್ಟಿಗಳನ್ನು ಒಂದು ಘಟಕವಾಗಿ ಕಲಿಸಬೇಕು. ಮಹಾಪ್ರಬಂಧದೊಡನೆ ಆಕರ ಸಾಮಗ್ರಿಯ ಫೋಲ್ಡರನ್ನೂ ಅದರ ಪಟ್ಟಿಯನ್ನೂ ವಿಭಾಗಕ್ಕೆ ಒಪ್ಪಿಸುವ ನಿಯಮ ಬರಬೇಕು. ಅನುಸ್ವಾರ, ಳಕಾರ, ಱ, ೞಗಳ ಸ್ಥಾನವನ್ನು ಕುರಿತು ನಿಘಂಟುಕಾರರು, ಹಸ್ತಪ್ರತಿತಜ್ಞರು, ತಂತ್ರಾಂಶ ಬಲ್ಲವರು ಒಟ್ಟಿಗೆ ಕುಳಿತು ಒಂದು ನಿರ್ಣಯಕ್ಕೆ ಬರಲು ಎರಡು ದಿನಗಳ ಕಮ್ಮಟ ಸಾಕು. ಆ ಕಮ್ಮಟಕ್ಕೆ ಬರುವವರು ತಮ್ಮ ತಮ್ಮ ಯಂತ್ರಗಳಲ್ಲಿ 'ಅಂಕ', 'ಅಕಾರಣ', 'ಕಳಸ', 'ಕವಿ', 'ಪಳಮೆ', 'ಪೞಗನ್ನಡ', 'ಪ್ರಾಸ' ಎಂಬ ಏಳು ಹೆಸರುಗಳ ಖಾಲಿ ಕಡತಗಳನ್ನು ಮಾಡಿ, ಅವು ಯಾವ ಕ್ರಮದಲ್ಲಿ ಕಂಡವೆಂಬುದನ್ನು ಬರೆದು ತರಲಿ.